ಬಣ್ಣ ಕಚ್ಚೋದು ಅಂದ್ರೆ ಏನು? ಬ್ಯಾಡಗಿ ಮೆಣಸಿನಕಾಯಿಯಿಂದ ಬಯಾಪ್ಸಿವರೆಗೆ

ಈ ಸಲ ಸ್ವಲ್ಪ ಬೇರೆ ತರಹದ ವಿಷಯ ಆರಿಸಿಕೊಂಡಿದ್ದೇವೆ.

ಚೆನ್ನಾಗಿ ಹಣ್ಣಾದ ಒಂದು ಬ್ಯಾಡಗಿ ಮೆಣಸಿನಕಾಯಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಬಯಾಪ್ಸಿ ತುಂಡಿಗೆ ಏನೇನು ಮಾಡ್ತಾರೋ ಅದನ್ನೆಲ್ಲ ಈ ಕಾಯಿಯ ಒಂದು ಚೂರಿಗೂ ಮಾಡಿ, ಸ್ಲೈಡ್ ತಯಾರಿಸಿ, ಮೈಕ್ರೋಸ್ಕೋಪ್ ಕೆಳಗೆ ಇಡಿ. ಕೋಶದ ಗೋಡೆಗಳು ಕಾಣುತ್ತವೆ, ನ್ಯೂಕ್ಲಿಯಸ್ ಕಾಣುತ್ತೆ. ಆದ್ರೆ ಕೆಂಪು ಕಾಣೋದಿಲ್ಲ! ಯಾವ ಬಣ್ಣದಿಂದ ಬ್ಯಾಡಗಿ ಮೆಣಸಿನಕಾಯಿಗೆ ಜಗತ್ತಿನಲ್ಲಿ ಹೆಸರು ಬಂತೋ, 2011ರಲ್ಲಿ ಜಿಐ ಟ್ಯಾಗ್ ಪಡೆದ ಕಾಯಿಯ ಮುಖ್ಯ ಗುಣ ಯಾವುದೋ, ಅದೇ ಮಾಯ. ಉಳಿಯೋದು ಲ್ಯಾಬಿನವರು ಹಾಕಿದ ನೇರಳೆ ಮತ್ತು ಗುಲಾಬಿ ಮಾತ್ರ.

ಇರೋ ಬಣ್ಣ ಹೋಗುತ್ತೆ, ಇಲ್ಲದ ಬಣ್ಣ ಬಂದು ಕೂರುತ್ತೆ. ಯಾಕೆ ಅಂತ ನೋಡೋಣ.

ನಾಲ್ಕನೇ ಸೆಮ್‌ನಲ್ಲಿ ನಮಗೆಲ್ಲ 'ಬಯಾಲಜಿ ಫಾರ್ ಇಂಜಿನಿಯರ್ಸ್' ಅಂತ ಒಂದು ಪೇಪರ್ ಇದೆ ತಾನೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡು ಬಯಾಲಜಿಗೆ ಕೈ ಮುಗಿದವರೂ ಇದನ್ನ ಓದಲೇಬೇಕು. ಅದರಲ್ಲಿ ಜೀವಕೋಶದ ಚಿತ್ರಗಳು ತುಂಬಾ ಚೆಂದ ಇರುತ್ತವೆ, ನೀಲಿ ನ್ಯೂಕ್ಲಿಯಸ್, ಗುಲಾಬಿ ಸೈಟೋಪ್ಲಾಸಂ. ಆದ್ರೆ ನಿಜವಾದ ಜೀವಕೋಶಕ್ಕೆ ಆ ಬಣ್ಣ ಇಲ್ಲವೇ ಇಲ್ಲ. ಹೆಚ್ಚಿನ ಅಂಗಾಂಶಗಳನ್ನು ತೆಳುವಾಗಿ ಕತ್ತರಿಸಿದರೆ ಅವು ಬರೀ ನೀರಿನಂತೆ ಪಾರದರ್ಶಕ. ಆ ಬಣ್ಣ ಎಲ್ಲಿಂದ ಬಂತು ಅಂತ ಪುಸ್ತಕ ಹೇಳೋದಿಲ್ಲ, ಹೇಳಿದರೂ ಒಂದು ಸಾಲು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಮೇಲೆ ಸಾಲಾಗಿ ಬರುವ ಊರುಗಳು. ಈ ಮೂರೂ ಊರುಗಳಲ್ಲಿ ಈ ವಿಷಯಕ್ಕೆ ಉದಾಹರಣೆ ಸಿಗುತ್ತವೆ ಅನ್ನೋದು ನಮಗೆ ಓದ್ತಾ ಓದ್ತಾ ಗೊತ್ತಾಯ್ತು.

ಮೊದಲು ನಿಲ್ಲಿಸಬೇಕು

ದೇಹದಿಂದ ತೆಗೆದ ತುಂಡು ಆ ಕ್ಷಣದಿಂದಲೇ ಹಾಳಾಗೋಕೆ ಶುರು ಆಗುತ್ತೆ. ಹೊರಗಿನ ಬ್ಯಾಕ್ಟೀರಿಯಾ ಒಂದು ಕಾರಣ. ಅದಕ್ಕಿಂತ ಮೊದಲು ಬರುವ ಶತ್ರು ಒಳಗಿನದು. ಜೀವಕೋಶದೊಳಗೆ ಲೈಸೋಸೋಮ್ ಅನ್ನೋ ಚೀಲಗಳಿವೆ, ಅದರಲ್ಲಿ ಜೀರ್ಣ ಮಾಡುವ ಎಂಜೈಮ್‌ಗಳಿವೆ. ರಕ್ತ, ಆಕ್ಸಿಜನ್ ನಿಂತ ಮೇಲೆ ಆ ಚೀಲ ಒಡೆದು ಕೋಶ ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳುತ್ತೆ. ಇದಕ್ಕೆ ಆಟೋಲಿಸಿಸ್ ಅಂತಾರೆ. ಇದನ್ನ ತಡೆಯೋದೇ ಫಿಕ್ಸೇಶನ್. ನಿಘಂಟಿನಲ್ಲಿ 'ಸ್ಥಿರೀಕರಣ' ಅಂತ ಇದೆ. ನಮ್ಮ ಮಾತಿನಲ್ಲಿ ಹೇಳೋದಾದ್ರೆ, ಕೋಶ ಹೇಗಿತ್ತೋ ಹಾಗೇ ಹಿಡಿದು ನಿಲ್ಲಿಸೋದು.

ನಿಲ್ಲಿಸೋಕೆ ಎರಡು ದಾರಿ. ಒಂದು ದಾರಿ ಅಡುಗೆಮನೆಯದು. ಮೊಟ್ಟೆ ಬೇಯಿಸಿದ್ರೆ ಬಿಳಿ ಭಾಗ ಗಟ್ಟಿಯಾಗುತ್ತೆ, ಮತ್ತೆ ಕರಗೋದಿಲ್ಲ. ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಒಡೆಯುತ್ತೆ. ಬಿಸಿ, ಆಮ್ಲ, ಆಲ್ಕೊಹಾಲ್, ಇವೆಲ್ಲ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತವೆ. ಬೇಗ ಆಗುತ್ತೆ, ಆದ್ರೆ ತುಂಡು ಕುಗ್ಗುತ್ತೆ, ಬಿರುಸಾಗುತ್ತೆ.

ಇನ್ನೊಂದು ದಾರಿ ಫಾರ್ಮಾಲಿನ್. ಇದು ಹೆಪ್ಪುಗಟ್ಟಿಸೋದಿಲ್ಲ, ಸೇತುವೆ ಕಟ್ಟುತ್ತೆ. ಫಾರ್ಮಾಲ್ಡಿಹೈಡ್ ಬಹಳ ಚಿಕ್ಕ ಅಣು. ಅದು ಒಂದು ಪ್ರೋಟೀನಿನ ಅಮೈನೋ ಗುಂಪಿಗೆ ಅಂಟಿಕೊಂಡು, ಪಕ್ಕದ ಪ್ರೋಟೀನಿಗೂ ಕೈ ಕೊಡುತ್ತೆ. ನಡುವೆ ಒಂದೇ ಒಂದು ಕಾರ್ಬನ್ನಿನ ಮೆಥಿಲೀನ್ ಸೇತುವೆ. ಇಂಥ ಸಾವಿರಾರು ಸೇತುವೆ ಆದ ಮೇಲೆ ಇಡೀ ಕೋಶ ಒಂದು ಜಾಲದ ತರಹ ಬಿಗಿಯಾಗುತ್ತೆ. ಸಿವಿಲ್‌ನವರು ಕ್ರಾಸ್ ಬ್ರೇಸಿಂಗ್ ಅಂತ ತಿಳಿದುಕೊಳ್ಳಬಹುದು. ಎಂಜೈಮ್‌ಗಳೂ ಪ್ರೋಟೀನೇ ಆಗಿರೋದ್ರಿಂದ ಅವೂ ಇದೇ ಜಾಲದಲ್ಲಿ ಸಿಕ್ಕಿ ಕೆಲಸ ನಿಲ್ಲಿಸುತ್ತವೆ.

ಇದು ಗೊತ್ತಾಗಿದ್ದು ಆಕಸ್ಮಿಕವಾಗಿ. ಜರ್ಮನಿಯ ಫರ್ಡಿನೆಂಡ್ ಬ್ಲೂಮ್ ಅನ್ನೋ ವೈದ್ಯ ಫಾರ್ಮಾಲ್ಡಿಹೈಡನ್ನು ಕ್ರಿಮಿನಾಶಕವಾಗಿ ಪರೀಕ್ಷೆ ಮಾಡ್ತಾ ಇದ್ದರು. ಕೆಲಸ ಮಾಡ್ತಾ ಮಾಡ್ತಾ ತಮ್ಮ ಬೆರಳಿನ ಚರ್ಮವೇ ಗಟ್ಟಿಯಾಗಿದ್ದು ನೋಡಿದರು. ಹಾಗಾದರೆ ಅಂಗಾಂಶಕ್ಕೂ ಇದೇ ಆಗಬೇಕಲ್ಲ ಅಂತ 1893ರಲ್ಲಿ ಅದನ್ನ ಪ್ರಕಟಿಸಿದರು. ಚರ್ಮ ಹದ ಮಾಡುವವರು ತೊಗಟೆ, ಅಣಲೆಕಾಯಿ ಹಾಕಿ ತೊಗಲು ಕೊಳೆಯದ ಹಾಗೆ ಮಾಡೋದೂ ಹತ್ತಿರ ಹತ್ತಿರ ಇದೇ ತತ್ವ: ಪ್ರೋಟೀನುಗಳ ನಡುವೆ ಕಟ್ಟು ಹಾಕೋದು. ನಮ್ಮ ಕಡೆಯ ಚಪ್ಪಲಿ ಹೊಲಿಯುವವರು ತಲೆತಲಾಂತರದಿಂದ ಮಾಡ್ತಾ ಬಂದಿದ್ದನ್ನ ಬ್ಲೂಮ್ ತಮ್ಮ ಬೆರಳಿನ ಮೇಲೆ ನೋಡಿದರು ಅನ್ನಬಹುದು.

ಈಗ ಒಂದು ಲೆಕ್ಕ, ಇಂಜಿನಿಯರಿಂಗ್ ಪತ್ರಿಕೆ ಅಂದಮೇಲೆ ಲೆಕ್ಕ ಬೇಡವೆ! ಫಾರ್ಮಾಲಿನ್ ತುಂಡಿನ ಒಳಗೆ ಹೋಗೋದು ಡಿಫ್ಯೂಷನ್‌ನಿಂದ. 1941ರಲ್ಲಿ ಪೀಟರ್ ಮೆಡವಾರ್ (ಮುಂದೆ ನೊಬೆಲ್ ಪಡೆದವರು) ಇದಕ್ಕೆ ನಿಯಮ ತೋರಿಸಿದರು: ಒಳಹೊಕ್ಕ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಮೊದಲ ಗಂಟೆಗೆ 1 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಹಾಗಾದರೆ 2 ಮಿಲಿಮೀಟರ್‌ಗೆ 4 ಗಂಟೆ, 3ಕ್ಕೆ 9 ಗಂಟೆ, 5ಕ್ಕೆ 25 ಗಂಟೆ. ಅಂದ್ರೆ 1 ಸೆಂಟಿಮೀಟರ್ ದಪ್ಪದ ತುಂಡಿನ ನಟ್ಟನಡುವಿಗೆ ಎರಡೂ ಕಡೆಯಿಂದ ಹೋದರೂ ಫಾರ್ಮಾಲಿನ್ ಮುಟ್ಟೋಕೆ ಒಂದು ದಿನ ಬೇಕು. ಅಷ್ಟರಲ್ಲಿ ನಡುವಿನ ಕೋಶಗಳು ತಮ್ಮನ್ನು ತಾವು ತಿಂದು ಮುಗಿಸಿರುತ್ತವೆ. ತುಂಡನ್ನು 4–5 ಮಿಲಿಮೀಟರ್‌ಗಿಂತ ದಪ್ಪ ಬಿಡಬೇಡಿ ಅಂತ ಲ್ಯಾಬಿನವರು ಹೇಳೋದು ಇದಕ್ಕೇ. ಇನ್ನೂ ಒಂದು: ಒಳಗೆ ಹೋದ ತಕ್ಷಣ ಸೇತುವೆ ಆಗೋದಿಲ್ಲ, ಆ ರಿಯಾಕ್ಷನ್ ನಿಧಾನ. ಹಾಗಾಗಿ ಚಿಕ್ಕ ತುಂಡಿಗೂ ಹಲವು ಗಂಟೆ, ದೊಡ್ಡದಕ್ಕೆ ಒಂದು ದಿನ ಅಥವಾ ಹೆಚ್ಚು ಕೊಡ್ತಾರೆ. ತುಂಡಿನ ಹತ್ತು ಪಟ್ಟಾದರೂ ದ್ರವ ಇರಬೇಕು, ಇಪ್ಪತ್ತು ಪಟ್ಟು ಇದ್ದರೆ ಇನ್ನೂ ಒಳ್ಳೆಯದು.

ಒಂದು ಗೊಂದಲ ಇಲ್ಲಿ ಎಲ್ಲರಿಗೂ ಬರುತ್ತೆ. ಬಾಟಲಿಯಲ್ಲಿ ಬರುವ ಫಾರ್ಮಾಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಸುಮಾರು ಶೇ. 37–40 ಇರುತ್ತೆ. ಅದನ್ನ ಹತ್ತರಲ್ಲಿ ಒಂದು ಪಾಲು ಮಾಡಿದ್ದು '10 ಪರ್ಸೆಂಟ್ ಫಾರ್ಮಾಲಿನ್'. ಅಂದ್ರೆ ನಿಜವಾದ ಫಾರ್ಮಾಲ್ಡಿಹೈಡ್ ಶೇ. 4 ಮಾತ್ರ. ಅದಕ್ಕೆ ಫಾಸ್ಫೇಟ್ ಬಫರ್ ಸೇರಿಸಿ ಪಿಎಚ್ 7ರ ಹತ್ತಿರ ಇಡಬೇಕು, ಇಲ್ಲದಿದ್ದರೆ ಹಳೇ ಫಾರ್ಮಾಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಸ್ಲೈಡ್ ತುಂಬ ಕಂದು ಕಪ್ಪು ಕಾಳು ಕೂರುತ್ತವೆ.

ಇದೆಲ್ಲ ಬರೀ ಪರೀಕ್ಷೆಗೆ ಓದೋ ವಿಷಯ ಅಲ್ಲ. ಗುಟ್ಕಾ, ಎಲೆಅಡಿಕೆ, ತಂಬಾಕು ನಮ್ಮ ಜಿಲ್ಲೆಗೆ ಹೊಸದೇನಲ್ಲ. ನಮ್ಮ ಬಂಧುಗಳೊಬ್ಬರ ಬಾಯಲ್ಲಿ ವಾಸಿಯಾಗದ ಹುಣ್ಣು ಇತ್ತು. ಒಂದು ಸಣ್ಣ ಆಸ್ಪತ್ರೆಯಲ್ಲಿ ತುಂಡು ತೆಗೆದು, ಸಲೈನ್ ಹಾಕಿದ ಡಬ್ಬಿಯಲ್ಲಿಟ್ಟು, ಮನೆಯವರ ಕೈಗೇ ಕೊಟ್ಟು ದೊಡ್ಡ ಊರಿನ ಲ್ಯಾಬಿಗೆ ಕಳಿಸಿದರು. ಮಧ್ಯ ಭಾನುವಾರ ಬಂತು. ಸಲೈನ್ ಅಂದ್ರೆ ಉಪ್ಪುನೀರು, ಅದರಲ್ಲಿ ಸೇತುವೆ ಕಟ್ಟುವಂಥದ್ದು ಏನೂ ಇಲ್ಲ. ರಿಪೋರ್ಟ್ ಬಂದಾಗ ಅದರಲ್ಲಿ ಇದ್ದದ್ದು 'ಆಟೋಲೈಸ್ಡ್, ರಿಪೀಟ್ ಬಯಾಪ್ಸಿ ಅಡ್ವೈಸ್ಡ್' ಅಂತ ಮಾತ್ರ. ಮತ್ತೆ ಬಾಯಿ ತೆರೆದು, ಮತ್ತೆ ಚುಚ್ಚಿ, ಮತ್ತೆ ತುಂಡು. ಎರಡನೇ ಸಲ ಫಾರ್ಮಾಲಿನ್‌ನಲ್ಲಿ ಹೋಯ್ತು, ಉತ್ತರ ಸಿಕ್ಕಿತು. ಮಧ್ಯ ಹೋದದ್ದು ಮೂರು ವಾರ. ಆ ಮೂರು ವಾರ ಆ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿದ್ದು ನಾವು ನೋಡಲಿಲ್ಲ. ನಿಮ್ಮ ಮನೆಯವರ ಕೈಗೆ ಯಾರಾದರೂ ಅಂಥ ಡಬ್ಬಿ ಕೊಟ್ಟರೆ 'ಒಳಗೆ ಫಾರ್ಮಾಲಿನ್ ಇದೆಯಾ ಸರ್?' ಅಂತ ಒಂದು ಮಾತು ಕೇಳಿ. ಕೆಲವು ಪರೀಕ್ಷೆಗಳಿಗೆ (ಉದಾಹರಣೆಗೆ ಕಲ್ಚರ್ ಮಾಡಿ ಕ್ರಿಮಿ ಬೆಳೆಸೋಕೆ) ಫಾರ್ಮಾಲಿನ್ ಹಾಕಲೇಬಾರದು, ಹಾಗಾಗಿ ನೀವೇ ಹಾಕೋಕೆ ಹೋಗಬೇಡಿ. ಕೇಳೋದು ಮಾತ್ರ.

ಫಿಕ್ಸ್ ಮಾಡಬಾರದ ಇನ್ನೊಂದು ಕಡೆ ಮಲೇರಿಯಾದ ರಕ್ತದ ಸ್ಮಿಯರ್. ಒಂದೇ ಸ್ಲೈಡ್ ಮೇಲೆ ತೆಳು ಸ್ಮಿಯರ್, ದಪ್ಪ ಸ್ಮಿಯರ್ ಎರಡೂ ಮಾಡ್ತಾರೆ. ತೆಳುವಿಗೆ ಮೆಥನಾಲ್ ಮುಟ್ಟಿಸಿ ಫಿಕ್ಸ್ ಮಾಡ್ತಾರೆ, ದಪ್ಪಕ್ಕೆ ಮಾಡೋದಿಲ್ಲ. ಫಿಕ್ಸ್ ಮಾಡದಿದ್ದರೆ ನೀರು ತಾಗಿದಾಗ ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ತೊಳೆದು ಹೋಗುತ್ತೆ, ಆಗ ಒಳಗಿನ ಪರೋಪಜೀವಿ ಎದ್ದು ಕಾಣುತ್ತೆ. ಇದಕ್ಕೆ ನಮ್ಮ ದೇಶದಲ್ಲಿ ದಶಕಗಳಿಂದ ಬಳಸಿದ್ದು ಜೆಎಸ್‌ಬಿ ಸ್ಟೇನ್. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ಕೊಟ್ಟಿದ್ದು, ಹೆಸರು ಅವರದೇ.

ಕೆಂಪು ಎಲ್ಲಿ ಹೋಯ್ತು?

ಫಿಕ್ಸ್ ಆದ ತುಂಡು ಇನ್ನೂ ಮೆತ್ತಗೇ ಇರುತ್ತೆ. ಅದನ್ನ 3–5 ಮೈಕ್ರಾನ್ ತೆಳುವಾಗಿ ಕತ್ತರಿಸಬೇಕು (ತಲೆಕೂದಲು ಸುಮಾರು 70 ಮೈಕ್ರಾನ್, ಹೋಲಿಸಿ ನೋಡಿ). ಮೆತ್ತಗಿನ ಬೆಣ್ಣೆಯನ್ನ ಹಾಗೆ ಕತ್ತರಿಸೋಕೆ ಆಗಲ್ಲ, ಗಟ್ಟಿ ಮೇಣದೊಳಗೆ ಹೂತು ಕತ್ತರಿಸಬೇಕು. ಮೇಣ ನೀರಿಗೆ ಸೇರೋದಿಲ್ಲ. ಹಾಗಾಗಿ ಮೊದಲು ಶೇ. 70, ಆಮೇಲೆ 90, ಆಮೇಲೆ 100ರ ಆಲ್ಕೊಹಾಲಿನಲ್ಲಿ ಇಟ್ಟು ಮೆಲ್ಲಗೆ ನೀರು ತೆಗೀತಾರೆ. ಆಲ್ಕೊಹಾಲೂ ಮೇಣಕ್ಕೆ ಸೇರೋದಿಲ್ಲ, ಹಾಗಾಗಿ ಅದನ್ನ ತೆಗೆಯೋಕೆ ಕ್ಸೈಲೀನ್. ಕ್ಸೈಲೀನ್ ಜಾಗಕ್ಕೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಪ್ಯಾರಾಫಿನ್ ಮೇಣ. ತಣ್ಣಗಾದರೆ ಬ್ಲಾಕ್ ರೆಡಿ.

ಈ ದಾರಿಯಲ್ಲೇ ನಮ್ಮ ಬ್ಯಾಡಗಿ ಕೆಂಪು ಕಳೆದುಹೋಗೋದು. ಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್ ಅನ್ನೋ ಕೆರೋಟಿನಾಯ್ಡ್, ಗಜ್ಜರಿಯ ಬಣ್ಣದ ದಾಯಾದಿ. ಅದು ಕೋಶದ ಕ್ರೋಮೋಪ್ಲಾಸ್ಟ್ ಅನ್ನೋ ಪುಟ್ಟ ಕಣಗಳಲ್ಲಿ ಇರುತ್ತೆ. ಕೊಬ್ಬಿನಲ್ಲಿ ಕರಗುವ ವಸ್ತು, ನೀರಲ್ಲಿ ಅಲ್ಲ. ಫಾರ್ಮಾಲಿನ್ ಪ್ರೋಟೀನನ್ನು ಹಿಡಿಯುತ್ತೆ, ಕೊಬ್ಬನ್ನ ಹಿಡಿಯೋದಿಲ್ಲ. ಹಾಗಾಗಿ ಆಲ್ಕೊಹಾಲ್, ಕ್ಸೈಲೀನ್ ಬಂದಾಗ ಕ್ಯಾಪ್ಸಾಂಥಿನ್ ಅದರ ಜೊತೆ ಹೊರಟೇಬಿಡುತ್ತೆ.

ಮಜಾ ಏನಂದ್ರೆ, ಸ್ಲೈಡ್ ಮಾಡುವವನಿಗೆ ಇದು ನಷ್ಟ, ಬ್ಯಾಡಗಿಯ ಸುತ್ತ ಬೆಳೆದ ಇಡೀ ಓಲಿಯೋರೆಸಿನ್ ಉದ್ಯಮಕ್ಕೆ ಇದೇ ಬಂಡವಾಳ. ಒಣ ಕಾಯಿಯನ್ನ ಪುಡಿ ಮಾಡಿ ಹೆಕ್ಸೇನ್‌ನಂಥ ಸಾಲ್ವೆಂಟಿನಲ್ಲಿ ತೊಳೆದು ಬಣ್ಣ ತೆಗೀತಾರೆ. ಅದು ಸಾಸಿಗೂ ಹೋಗುತ್ತೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಬಣ್ಣ ಅಳೆಯೋದೂ ಹೀಗೇ: ಪುಡಿಯನ್ನು ಅಸಿಟೋನಿನಲ್ಲಿ 16 ಗಂಟೆ ನೆನೆಸಿ, ಆ ದ್ರವ 460 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತೆ ಅಂತ ನೋಡ್ತಾರೆ. ಅದರಿಂದ ಬರುವ ಅಂಕಿಯೇ ವ್ಯಾಪಾರಿಗಳು ಹೇಳುವ 'ಆಸ್ಟಾ ಕಲರ್ ವ್ಯಾಲ್ಯೂ'. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನೋದೇ ಬ್ಯಾಡಗಿ ಡಬ್ಬಿ, ಕಡ್ಡಿ ತಳಿಗಳ ಬೆಲೆಯ ಗುಟ್ಟು.

ಇದೇ ಕಾರಣಕ್ಕೆ ಮನುಷ್ಯನ ಕೊಬ್ಬಿನ ಕೋಶವೂ ಮಾಮೂಲಿ ಸ್ಲೈಡಿನಲ್ಲಿ ಖಾಲಿ ಬಳೆಯ ಹಾಗೆ ಕಾಣುತ್ತೆ. ಒಳಗಿದ್ದ ಕೊಬ್ಬು ಕ್ಸೈಲೀನ್ ಜೊತೆ ಹೋಗಿರುತ್ತೆ, ಗೋಡೆ ಮಾತ್ರ ಉಳಿದಿರುತ್ತೆ.

ಕಚ್ಚುವ ಬಣ್ಣ

'ಸೀರೆಗೆ ಬಣ್ಣ ಕಚ್ಚಿದೆ', 'ಕಲೆ ಕಚ್ಚಿಕೊಂಡಿದೆ' ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ. ಬಣ್ಣ ಗಟ್ಟಿಯಾಗಿ ಹಿಡಿಯೋಕೆ ಸಹಾಯ ಮಾಡುವ ಲವಣಕ್ಕೆ ಇಂಗ್ಲಿಷಿನಲ್ಲಿ ಮಾರ್ಡೆಂಟ್ ಅಂತಾರೆ. ಆ ಪದದ ಮೂಲ ಅರ್ಥ ಏನು ಅಂತ ಹುಡುಕಿದೆವು. ಫ್ರೆಂಚಿನಲ್ಲಿ 'ಕಚ್ಚುವಂಥದ್ದು'! ಎಲ್ಲೋ ಇರುವ ಫ್ರಾನ್ಸಿನ ಬಣ್ಣಗಾರರಿಗೂ ನಮ್ಮ ಅಜ್ಜಿಯರಿಗೂ ಒಂದೇ ಪದ ಹೊಳೆದಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಮಗೆ ಮಾರ್ಡೆಂಟ್ ಅನ್ನೋದು ಬರೀ ಬಾಯಿಪಾಠದ ಪದ ಆಗಿತ್ತು. ಕನ್ನಡದಲ್ಲಿ ಯೋಚನೆ ಮಾಡಿದ ಮೇಲೆ ಮರೆಯೋ ಪ್ರಶ್ನೆಯೇ ಬರಲಿಲ್ಲ.

ಜಗತ್ತಿನ ಹೆಚ್ಚಿನ ಬಯಾಪ್ಸಿ ಸ್ಲೈಡುಗಳಿಗೆ ಹಾಕೋದು ಎರಡು ಬಣ್ಣ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್. ಮೊದಲನೆಯದು ಮೆಕ್ಸಿಕೋ ಕಡೆಯ ಲಾಗ್‌ವುಡ್ ಅನ್ನೋ ಮರದ ಕೆಚ್ಚಿನಿಂದ ಬರುತ್ತೆ, ಬಟ್ಟೆಗೆ ಬಣ್ಣ ಹಾಕೋಕೆ ಬಳಸುತ್ತಿದ್ದ ಮರ. ಹೆಮಟಾಕ್ಸಿಲಿನ್‌ಗೆ ತಾನಾಗಿ ಅಂಥ ಶಕ್ತಿ ಇಲ್ಲ. ಗಾಳಿಯಲ್ಲೋ ರಾಸಾಯನಿಕದಿಂದಲೋ ಆಕ್ಸಿಡೈಸ್ ಆಗಿ ಹೆಮಟೀನ್ ಆಗಬೇಕು, ಆಮೇಲೆ ಕಚ್ಚುವ ಲವಣ ಬೇಕು. ಆ ಲವಣ ಯಾವುದು ಗೊತ್ತಾ? ಪಟಿಕ, ಅಂದ್ರೆ ಆಲಂ. ಕಟಿಂಗ್ ಶಾಪಿನಲ್ಲಿ ಶೇವಿಂಗ್ ಆದ ಮೇಲೆ ಗಲ್ಲಕ್ಕೆ ಉಜ್ಜುವ ಆ ಬಿಳಿ ಕಲ್ಲು. 1865ರಲ್ಲಿ ಬೋಮರ್ ಎಂಬಾತ ಆಲಂ ಸೇರಿಸಿದ ಮೇಲೆಯೇ ಈ ಬಣ್ಣ ಲ್ಯಾಬಿನಲ್ಲಿ ನೆಲೆ ನಿಂತಿದ್ದು. ಆಲಂನ ಅಲ್ಯುಮಿನಿಯಂ ಹೆಮಟೀನ್ ಜೊತೆ ಸೇರಿ ಪಾಸಿಟಿವ್ ಚಾರ್ಜಿನ ಕಾಂಪ್ಲೆಕ್ಸ್ ಆಗುತ್ತೆ. ನ್ಯೂಕ್ಲಿಯಸ್ಸಿನ ಡಿಎನ್‌ಎ ತುಂಬ ಫಾಸ್ಫೇಟ್, ಅದರ ಚಾರ್ಜು ನೆಗೆಟಿವ್. ಉಳಿದದ್ದು ನಿಮಗೆ ಗೊತ್ತು.

ಬಣ್ಣ ಹಾಕಿ ತೆಗೆದಾಗ ನ್ಯೂಕ್ಲಿಯಸ್ ಕೆಂಪು ಮಿಶ್ರಿತ ನೇರಳೆ ಇರುತ್ತೆ. ಅದನ್ನ ಸ್ವಲ್ಪ ಕ್ಷಾರ ಇರುವ ನೀರಿನಲ್ಲಿ ತೊಳೆದರೆ ನೀಲಿಗೆ ತಿರುಗುತ್ತೆ. ಇದಕ್ಕೆ ಬ್ಲೂಯಿಂಗ್ ಅಂತಾರೆ, ಹಲವು ಲ್ಯಾಬುಗಳಲ್ಲಿ ಬರೀ ನಲ್ಲಿ ನೀರಿನಲ್ಲೇ ಮಾಡ್ತಾರೆ. ನೀರು ಗಡಸಾಗಿದ್ದಷ್ಟೂ, ಕ್ಷಾರ ಇದ್ದಷ್ಟೂ ಬೇಗ. ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವ, ತಲೆಕೂದಲು ಉದುರಿಸುತ್ತೆ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಬೈಯುವ ಬೋರ್ ನೀರು ಇಲ್ಲೊಂದು ಕಡೆ ಕೆಲಸಕ್ಕೆ ಬರುತ್ತೆ!

ಇಯೋಸಿನ್ ಇದಕ್ಕೆ ತದ್ವಿರುದ್ಧ. ಅದು ನೆಗೆಟಿವ್, ಸೈಟೋಪ್ಲಾಸಮ್ಮಿನ ಪ್ರೋಟೀನುಗಳ ಪಾಸಿಟಿವ್ ಗುಂಪುಗಳಿಗೆ ಹೋಗಿ ಗುಲಾಬಿ ಮಾಡುತ್ತೆ. ಹಿಂದೆ ಕೆಂಪು ಇಂಕಿಗೂ ಇದನ್ನೇ ಹಾಕುತ್ತಿದ್ದರು. ನೀಲಿಯ ಮೇಲೆ ಗುಲಾಬಿ ಬಂದ ಮೇಲೆ ಪೆಥಾಲಜಿಸ್ಟ್ ನೋಡೋದು ಬಣ್ಣವನ್ನಲ್ಲ, ಆಕಾರವನ್ನು: ನ್ಯೂಕ್ಲಿಯಸ್ ಎಷ್ಟು ದೊಡ್ಡದು, ಎಷ್ಟು ಕಪ್ಪಾಗಿದೆ, ಕೋಶಗಳು ತಮ್ಮ ಗೆರೆ ದಾಟಿ ಕೆಳಗಿಳಿದಿವೆಯೇ. ಫಿಕ್ಸ್ ಸರಿ ಆಗದಿದ್ದರೆ ಈ ಯಾವ ಪ್ರಶ್ನೆಗೂ ಉತ್ತರ ಇಲ್ಲ, ಎಷ್ಟೇ ಚೆಂದ ಬಣ್ಣ ಹಾಕಿದರೂ.

ಸುಡಾನ್: ಲ್ಯಾಬಿನ ಬಣ್ಣ ಸಂತೆಗೆ ಬಂದಾಗ

ಹಾಗಾದರೆ ಕೊಬ್ಬನ್ನ ನೋಡಬೇಕು ಅಂದ್ರೆ? ಮೇಣದ ದಾರಿ ಬಿಟ್ಟು, ತುಂಡನ್ನ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಕತ್ತರಿಸ್ತಾರೆ. ಆಮೇಲೆ ಹಾಕೋದು ಸುಡಾನ್ ಕುಟುಂಬದ ಬಣ್ಣ. 1896ರಲ್ಲಿ ದಾದ್ದಿ ಎಂಬಾತ ಸುಡಾನ್ 3ನ್ನು ಕೊಬ್ಬು ಗುರುತಿಸೋಕೆ ಬಳಸಿದರು, ಸ್ವಲ್ಪ ಕಾಲಕ್ಕೆ ಸುಡಾನ್ 4 ಬಂತು. ಇವು ಕಚ್ಚುವ ಬಣ್ಣಗಳಲ್ಲ, ಕರಗುವ ಬಣ್ಣಗಳು. ಚಾರ್ಜೂ ಇಲ್ಲ, ಪಟಿಕವೂ ಬೇಡ. ಆಲ್ಕೊಹಾಲ್ ದ್ರಾವಣದಲ್ಲಿ ಇರೋದಕ್ಕಿಂತ ಕೊಬ್ಬಿನ ಹನಿಯಲ್ಲಿ ಇರೋದು ಅದಕ್ಕೆ ಇಷ್ಟ, ಅದಕ್ಕೇ ಅಲ್ಲಿಗೆ ಹೋಗಿ ಕೂರುತ್ತೆ. ಗಿಡಗಳಲ್ಲಿ ಎಲೆ, ಹಣ್ಣಿನ ಸಿಪ್ಪೆಯ ಮೇಲಿನ ಮೇಣದಂಥ ಕ್ಯುಟಿನ್ ಪದರವನ್ನು ಸುಡಾನ್ ಕಿತ್ತಳೆ ಕೆಂಪಾಗಿ ತೋರಿಸುತ್ತೆ. ಮೆಣಸಿನಕಾಯಿಯ ಹೊಳೆಯುವ ಸಿಪ್ಪೆಯಲ್ಲೂ ಅದೇ ಪದರ ಇದೆ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಇದೇ ಕುಟುಂಬದ ಸುಡಾನ್ 1 ಮೆಣಸಿನ ಪುಡಿಗೇ ಬಂತು. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್ 1 ಇದೆ ಅಂತ ಫ್ರಾನ್ಸ್ ಪತ್ತೆ ಮಾಡಿತು. ಯುರೋಪಿಯನ್ ಯೂನಿಯನ್ ಆ ವರ್ಷವೇ ಪರೀಕ್ಷೆಯ ದಾಖಲೆ ಇಲ್ಲದೆ ಮೆಣಸಿನ ಪುಡಿ ಒಳಗೆ ಬಿಡೋದಿಲ್ಲ ಅಂತ ನಿಯಮ ಮಾಡಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒಂದು ಸಾಸಿನಲ್ಲಿ ಬೆರೆತ ಅಂಥ ಪುಡಿಯಿಂದಾಗಿ 400ಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಬೇಕಾಯ್ತು. ಸುಡಾನ್ ಬಣ್ಣಗಳು ಆಹಾರಕ್ಕಲ್ಲ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಸುಡಾನ್ 1 ಗೆಡ್ಡೆಗಳನ್ನು ಉಂಟುಮಾಡಿದೆ, ನಮ್ಮ ದೇಶದಲ್ಲೂ ಆಹಾರದಲ್ಲಿ ಬಳಸೋದು ನಿಷಿದ್ಧ.

ನಮಗೆ ಅನ್ನಿಸೋದು, ಇದರಲ್ಲಿ ತಿನ್ನೋರಿಗೆ ಆಗೋ ಮೋಸ ಒಂದು ಕಡೆ, ಬೆಳೆದೋರಿಗೆ ಆಗೋ ಮೋಸ ಇನ್ನೊಂದು ಕಡೆ. ಬಣ್ಣಕ್ಕೇ ಬೆಲೆ ಇರುವ ಕಡೆ, ಕಡಿಮೆ ಬಣ್ಣದ ಕಾಯಿಗೆ ಒಂದು ಚಿಟಿಕೆ ಕೆಮಿಕಲ್ ಹಾಕಿ 'ಬ್ಯಾಡಗಿ' ಅಂತ ಮಾರಿದರೆ ನಿಜವಾದ ಬ್ಯಾಡಗಿ ಬೆಳೆದ ರೈತ ಯಾರ ಜೊತೆ ಪೈಪೋಟಿ ಮಾಡಬೇಕು?

ಮನೆಯಲ್ಲಿ ಕಂಡುಹಿಡಿಯೋಕೆ ಒಂದು ಪರೀಕ್ಷೆ ಎಲ್ಲರ ವಾಟ್ಸಾಪಿಗೂ ಬಂದಿರುತ್ತೆ: ಒಂದು ಗ್ಲಾಸ್ ನೀರಿನ ಮೇಲೆ ಪುಡಿ ಉದುರಿಸಿ, ಬಣ್ಣದ ಗೆರೆ ಕೆಳಗಿಳಿದರೆ ಕಲಬೆರಕೆ ಅಂತ. ಪರೀಕ್ಷೆ ಸರಿಯೇ, ಆದ್ರೆ ಅದು ಹಿಡಿಯೋದು ನೀರಿನಲ್ಲಿ ಕರಗುವ ಬಣ್ಣವನ್ನು ಮಾತ್ರ. ಸುಡಾನ್ ನೀರಿನಲ್ಲಿ ಕರಗೋದಿಲ್ಲ ಅಂತ ಈಗಷ್ಟೇ ನೋಡಿದೆವು. ಗ್ಲಾಸಿನ ನೀರು ಸ್ವಚ್ಛವಾಗೇ ಇರುತ್ತೆ. ಎಣ್ಣೆಯಲ್ಲಿ ನೋಡೋಣ ಅಂದ್ರೆ ಅಸಲಿ ಕ್ಯಾಪ್ಸಾಂಥಿನ್ನೂ ಎಣ್ಣೆಯಲ್ಲೇ ಕರಗೋದು. ಎರಡೂ ಒಂದೇ ಕಡೆ ಹೋಗ್ತವೆ, ಎರಡೂ ಕೆಂಪು. ಬೇರೆ ಮಾಡೋಕೆ ಕ್ರೊಮ್ಯಾಟೋಗ್ರಫಿಯೇ ಬೇಕು. ನೀರಿನ ಗ್ಲಾಸ್ ಪಾಸ್ ಆಯ್ತು ಅಂತ ನಿಶ್ಚಿಂತೆ ಆಗಬೇಡಿ.

ರಾಣೆಬೆನ್ನೂರಿನ ಪರಾಗ

ರಾಣೆಬೆನ್ನೂರು ಅಂದ ತಕ್ಷಣ ಕೃಷ್ಣಮೃಗ ನೆನಪಾಗುತ್ತೆ. ಬೀಜದ ವ್ಯಾಪಾರದವರಿಗೆ ನೆನಪಾಗೋದು ಹೈಬ್ರಿಡ್ ಬೀಜ. ಸುತ್ತಲಿನ ಹಳ್ಳಿಗಳ ನೆಟ್‌ಹೌಸ್‌ಗಳಲ್ಲಿ ಮೆಣಸಿನಕಾಯಿ, ಟೊಮೆಟೊ ಹೂಗಳ ಕೇಸರಗಳನ್ನು ಹೆಣ್ಣುಮಕ್ಕಳು ಚಿಮುಟದಿಂದ ಒಂದೊಂದಾಗಿ ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸ್ತಾರೆ. ಕೇಸರ ಕೀಳುವ ಕೆಲಸ ತಪ್ಪಿಸೋಕೆ ತಳಿ ವಿಜ್ಞಾನಿಗಳು ಪರಾಗವೇ ಸರಿ ಬೆಳೆಯದ ಗಂಡುಬಂಜೆ ತಳಿಗಳನ್ನು ಬಳಸ್ತಾರೆ. ಹಾಗಾದರೆ ಈ ಗಿಡದ ಪರಾಗ ನಿಜಕ್ಕೂ ಜೊಳ್ಳಾ, ಗಟ್ಟಿಯಾ ಅಂತ ನೋಡೋದು ಹೇಗೆ?

ಇದಕ್ಕೆ ಜಗತ್ತೆಲ್ಲ ಬಳಸುವ ಬಣ್ಣದ ಹೆಸರು ಅಲೆಕ್ಸಾಂಡರ್ ಸ್ಟೇನ್. ಹೆಸರು ಕೇಳಿ ಯಾರೋ ಯುರೋಪಿನವರು ಅಂದುಕೊಂಡಿದ್ದೆವು. 1969ರಲ್ಲಿ ಅದನ್ನ ಪ್ರಕಟಿಸಿದ ಎಂ.ಪಿ. ಅಲೆಕ್ಸಾಂಡರ್ ನಮ್ಮ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿಜ್ಞಾನಿ! ಅದರ ಐಡಿಯಾ ಬಹಳ ಸರಳ, ಬಹಳ ಜಾಣತನದ್ದು. ಮ್ಯಾಲಕೈಟ್ ಗ್ರೀನ್ ಪರಾಗದ ಗೋಡೆಯನ್ನು ಹಸಿರು ಮಾಡುತ್ತೆ, ಆಸಿಡ್ ಫ್ಯೂಕ್ಸಿನ್ ಒಳಗಿನ ಪ್ರೋಟೋಪ್ಲಾಸಮ್ಮನ್ನು ಕಡುಗೆಂಪು ಮಾಡುತ್ತೆ. ಗಟ್ಟಿ ಪರಾಗ ಹಸಿರು ಅಂಚಿನ ಕೆಂಪು ಗುಂಡು. ಜೊಳ್ಳಿನಲ್ಲಿ ಒಳಗೇನೂ ಇಲ್ಲ, ಬರೀ ಹಸಿರು ಚಿಪ್ಪು. ಆಲ್ಕೊಹಾಲ್, ಅಸಿಟಿಕ್ ಆಮ್ಲ ಎರಡೂ ಅದೇ ದ್ರಾವಣದಲ್ಲಿ ಇರೋದ್ರಿಂದ ಫಿಕ್ಸ್ ಮಾಡೋದು, ಬಣ್ಣ ಹಾಕೋದು ಒಂದೇ ಹನಿಯಲ್ಲಿ ಮುಗಿಯುತ್ತೆ. (ಮ್ಯಾಲಕೈಟ್ ಗ್ರೀನ್ ಕೂಡ ಹಸಿಮೆಣಸಿನಕಾಯಿ, ಬೆಂಡೆಕಾಯಿಗೆ ಕಳ್ಳತನದಿಂದ ಬಳಿಯುವ ಬಣ್ಣವೇ. ಲ್ಯಾಬಿನ ಕಪಾಟಿನಿಂದ ಸಂತೆಗೆ ದಾರಿ ಬಹಳ ಹತ್ತಿರ.)

ಬೀಜಕ್ಕೆ ಇನ್ನೊಂದು ತಂತ್ರ ಇದೆ, ಇದರಲ್ಲಿ ಫಿಕ್ಸ್ ಮಾಡಿದರೆ ಕೆಲಸ ಕೆಟ್ಟಂತೆ. ಟೆಟ್ರಾಜೋಲಿಯಂ ಅನ್ನೋ ಬಣ್ಣವಿಲ್ಲದ ಲವಣದಲ್ಲಿ, ನೆನೆಸಿ ಕತ್ತರಿಸಿದ ಬೀಜ ಇಡ್ತಾರೆ. ಉಸಿರಾಡುವ ಜೀವಂತ ಕೋಶದ ಡಿಹೈಡ್ರೋಜಿನೇಸ್ ಎಂಜೈಮ್ ಅದನ್ನ ಕೆಂಪು ಫಾರ್ಮಜಾನ್ ಮಾಡುತ್ತೆ. ಬದುಕಿದ್ದರೆ ಕೆಂಪು, ಸತ್ತಿದ್ದರೆ ಬಿಳಿ. ಬಣ್ಣವನ್ನು ನಾವು ಹಾಕೋದಲ್ಲ, ಬೀಜವೇ ಮಾಡಿಕೊಳ್ಳೋದು. ಮೆಣಸಿನ ಬೀಜವನ್ನು ಮೊಳಕೆ ಬರಿಸಿ ಲೆಕ್ಕ ಮಾಡೋಕೆ 14 ದಿನ ಕಾಯಬೇಕು, ಇದರಲ್ಲಿ ಒಂದೆರಡು ದಿನದಲ್ಲಿ ಉತ್ತರ ಸಿಗುತ್ತೆ. ಜೂನ್ ಮಳೆಗೆ ಮೊದಲು ಲಾಟ್ ಪಾಸ್ ಆಗಬೇಕಾದವರಿಗೆ ಆ ಹನ್ನೆರಡು ದಿನ ಎಷ್ಟು ದೊಡ್ಡದು ಅಂತ ರೈತರ ಮನೆಯವರಿಗೆ ಹೇಳಬೇಕಿಲ್ಲ.

ನೀವೇ ಮಾಡಿ ನೋಡೋಕೆ

ಫಾರ್ಮಾಲಿನ್ ಮುಟ್ಟಬೇಡಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಸಾಬೀತಾಗಿದೆ. ಅದಿಲ್ಲದೆಯೂ ಎರಡು ಪ್ರಯೋಗ ಆಗುತ್ತೆ, ಪಕ್ಕದ ಡಿಗ್ರಿ ಕಾಲೇಜಿನ ಹಳೇ ಮೈಕ್ರೋಸ್ಕೋಪ್ ಸಿಕ್ಕಿದರೂ ಸಾಕು.

ಮೊದಲನೆಯದು, ಹಣ್ಣಾದ ಹಸಿ ಮೆಣಸಿನಕಾಯಿ. ಹೊಸ ಬ್ಲೇಡಿನಿಂದ ಸಿಪ್ಪೆಯ ಒಳಬದಿಯನ್ನು ಆದಷ್ಟು ತೆಳುವಾಗಿ ಹೆರೆದು, ಒಂದು ಹನಿ ನೀರಿನಲ್ಲಿ ಇಟ್ಟು, ಕವರ್ ಸ್ಲಿಪ್ ಮುಚ್ಚಿ. ಫಿಕ್ಸ್ ಬೇಡ, ಬಣ್ಣವೂ ಬೇಡ. 40 ಎಕ್ಸ್ ಲೆನ್ಸಿನಲ್ಲಿ ಕೋಶದೊಳಗೆ ಕಿತ್ತಳೆ ಕೆಂಪಿನ ಪುಟ್ಟ ಕಣಗಳು ಕಾಣ್ತವೆ. ಅವೇ ಕ್ರೋಮೋಪ್ಲಾಸ್ಟ್‌ಗಳು. ಇಡೀ ಬ್ಯಾಡಗಿ ಮಾರುಕಟ್ಟೆ ನಿಂತಿರೋದು ಆ ಕಣಗಳ ಮೇಲೆ.

ಎರಡನೆಯದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಜೆನ್ಶಿಯನ್ ವಯಲೆಟ್ ತನ್ನಿ, ಹುಣ್ಣಿಗೆ ಹಚ್ಚುವ ಆ ನೇರಳೆ ಔಷಧಿ. ಐಸ್‌ಕ್ರೀಂ ಕಡ್ಡಿಯಿಂದ ಕೆನ್ನೆಯ ಒಳಭಾಗ ಮೆಲ್ಲಗೆ ಉಜ್ಜಿ ಎರಡು ಸ್ಲೈಡಿಗೆ ಸವರಿ. ಒಂದನ್ನು ಐದು ನಿಮಿಷ ಸ್ಪಿರಿಟ್ಟಿನಲ್ಲಿ ಮುಳುಗಿಸಿ ತೆಗೆದು ಒಣಗಿಸಿ. ಇನ್ನೊಂದು ಇನ್ನೂ ಹಸಿ ಇರುವಾಗಲೇ ಮುಂದಿನ ಹೆಜ್ಜೆಗೆ ತಗೊಳ್ಳಿ. ಎರಡಕ್ಕೂ ನೀರು ಬೆರೆಸಿದ ನೇರಳೆ ಒಂದು ಹನಿ, ಒಂದು ನಿಮಿಷ, ಆಮೇಲೆ ನಿಧಾನ ನೀರಿನಲ್ಲಿ ತೊಳೆಯಿರಿ. ಸ್ಪಿರಿಟ್ ಕಂಡ ಸ್ಲೈಡಿನಲ್ಲಿ ಕೋಶಗಳು ಗಾಜಿಗೆ ಅಂಟಿ ಉಳಿದಿರುತ್ತವೆ, ನಡುವೆ ಕಡುನೇರಳೆ ನ್ಯೂಕ್ಲಿಯಸ್. ಇನ್ನೊಂದರಲ್ಲಿ ಬಹಳಷ್ಟು ಕೋಶಗಳು ಸಿಂಕಿನ ಪಾಲು. ಸಿಂಕು ಆಮೇಲೆ ತಿಕ್ಕಿ ತೊಳೆಯಿರಿ, ವಾರ್ಡನ್ ಕೇಳೋ ಮೊದಲು. ಮತ್ತೆ ಹಳೇ ಟೀ ಶರ್ಟ್ ಹಾಕಿಕೊಂಡೇ ಮಾಡಿ. ಆ ನೇರಳೆ ಹತ್ತಿ ಬಟ್ಟೆಗೆ ಪಟಿಕ ಇಲ್ಲದೆಯೂ ಚೆನ್ನಾಗೇ ಕಚ್ಚುತ್ತೆ.